ಕಡಿಯದೆ ಉಳಿದ ದಾರ

ಮೊನ್ನೆ ಟ್ರಂಕಿನಿಂದ ಮಗಳ ಹಳೆಯ ಕೌದಿ ತೆಗೆದಾಗ ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಒಂದು ಮೂಲೆಯಲ್ಲಿ ಕೆಂಪು ದಾರ ಗೇಣುದ್ದ ಹಾಗೆಯೇ ಜೋತುಬಿದ್ದಿತ್ತು... ಮುಂಡರಗಿಯ ನಮ್ಮ ಓಣಿಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದ ಅಜ್ಜಿ ನೆನಪಾದಳು.

ಆಯಿ ಓಣಿಗೆಲ್ಲ ಕೌದಿ ಹೊಲಿಯುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಅವಳ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಸಾಲು ಮುಗಿದಾಗಲೊಮ್ಮೆ ತಲೆ ಬಗ್ಗಿಸಿ, ಮುಂದಿನ ಹಲ್ಲಿಗೆ ದಾರ ಸಿಕ್ಕಿಸಿ ಎಳೆದು ಕಡಿಯುವಳು. ಕೂಸಿನ ಕೌದಿಗೆ ಕತ್ತರಿ ಸೋಕಿಸಬಾರದು ಎಂಬುದು ಅವಳ ನೇಮ.

ನಾನು ಹಲ್ಲಿನ ಡಾಕ್ಟರಾಗಿ ಗದಗಿನಲ್ಲಿ ದವಾಖಾನೆ ತೆರೆದ ಮೇಲೆ ಆಯಿ ಬಸ್ಸು ಹತ್ತಿ ಬಂದಳು. ಮೇಲಿನ ಮುಂದಿನ ಎರಡೂ ಹಲ್ಲು ಬಿದ್ದಿದ್ದವು.

"ತಗದು ಹಾಕೋ ಹಲ್ಲು ಬ್ಯಾಡಪಾ. ಗಟ್ಟಿ ನಿಂದರೂವಂಥವು ಹಾಕು," ಅಂದಳು.

ಎಕ್ಸ್‌ರೇಯಲ್ಲಿ ನೋಡಿದರೆ ದವಡೆಯ ಎಲುಬು ತೆಳು, ಮೆತ್ತಗೆ ಬೇರೆ. ಹಲ್ಲಿಗೆ ಬೇರಿನಂತೆ ಎಲುಬಿನೊಳಗೆ ಕೂರಿಸುವ ಲೋಹದ ತಿರುಪು ದಪ್ಪನೆಯದು ಹಿಡಿಸುವಂತಿರಲಿಲ್ಲ, ಸಣ್ಣವನ್ನೇ ಕೂರಿಸಿದೆ. ಅಂಥ ತಿರುಪು ನೆಟ್ಟಗಿನ ಒತ್ತಡವನ್ನು ಹೇಗೋ ತಾಳುತ್ತದೆ. ಅಡ್ಡ ಎಳೆದರೆ ಭಾರವೆಲ್ಲ ಅದರ ಕುತ್ತಿಗೆಗೆ ಬಿದ್ದು ಸುತ್ತಲಿನ ಎಲುಬು ದಿನದಿನಕ್ಕೆ ಸವೆಯುತ್ತದೆ. ಇದೆಲ್ಲ ನನಗೆ ಬಾಯಿಪಾಠ. ತಿಂಗಳುಗಟ್ಟಲೆ ಕಾದು, ಮೇಲೆ ಹಲ್ಲು ಕೂರಿಸಿ, ಖಡಕ್ ರೊಟ್ಟಿ, ಕಬ್ಬು, ಹುರಿದ ಶೇಂಗಾ ಮುಟ್ಟಬೇಡ ಎಂದು ಉದ್ದ ಪಟ್ಟಿ ಹೇಳಿದೆ. ದಾರದ ಮಾತು ಮಾತ್ರ ಹೊರಡಲಿಲ್ಲ. ಅಷ್ಟು ವರ್ಷ ಕಣ್ಣಾರೆ ಕಂಡವನು, ಮಹಾ ಜಾಣ ನಾನು.

ಮುಂದೆ ನನ್ನ ಹೆಂಡತಿ ಬಸುರಿಯಾದ ಖಬರು ಆಯಿಗೂ ಮುಟ್ಟಿತು. ಆರೇಳು ತಿಂಗಳಿಗೆ ಅವಳು ಮತ್ತೆ ಬಂದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ನಾನು ಹಾಕಿದ ಹಲ್ಲುಗಳು ಅಲುಗಾಡುತ್ತಿದ್ದವು, ವಸಡಿನಲ್ಲಿ ಕೀವು. ಕೆದಕಿದರೆ ಒಂದರ ಬುಡದಿಂದ ಕೆಂಪು ದಾರದ ಎಳೆ ಬಂತು.

"ಆಯಿ, ಹಲ್ಲಿಲೆ ದಾರ ಕಡದ್ಯೇನು?"

"ನಿನ್ನ ಕೂಸಿಗೆ ಕೌದಿ ಹೊಲ್ಯಾಕತ್ತೀನಪಾ. ನೀ ರೊಟ್ಟಿ ಬ್ಯಾಡ ಅಂದಿ, ಬಿಟ್ಟೆ. ದಾರ ಬ್ಯಾಡ ಅಂದಿದ್ದಿಲ್ಲಲ್ಲ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ತಿರುಪುಗಳನ್ನು ತೆಗೆದೆ. ಜೊತೆಗೆ ಎಲುಬಿನ ಚೂರೂ ಬಂತು.

"ಮತ್ತ ಹಾಕಾಕ ಬರೂದಿಲ್ಲೇನು?"

"ಹಿಡಿಸಾಕ ಎಲುಬು ಉಳದಿಲ್ಲ, ಆಯಿ."

ಎಲುಬು ತುಂಬಿಸಿ ಮತ್ತೊಮ್ಮೆ ನೋಡಬಹುದಿತ್ತು. ಅವಳ ವಯಸ್ಸು, ಸಕ್ಕರೆ ಕಾಯಿಲೆ... ನನಗೆ ಧೈರ್ಯ ಸಾಲಲಿಲ್ಲ.

ಮಗಳು ಹುಟ್ಟಿದಾಗ ಕೌದಿ ಕಳಿಸಿದಳು, ತಾನು ಬರಲಿಲ್ಲ. ಆಮೇಲೆ ಅವಳು ಸೂಜಿಯನ್ನೇ ಹಿಡಿಯಲಿಲ್ಲವೆಂದು ಓಣಿಯವರು ಹೇಳಿದರು. ಹೋಗಿ ಮಾತಾಡಿಸಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ ಎಂದು ದಿನ ತಳ್ಳಿದೆ. ಮುಂದಿನ ವರ್ಷ ಆಯಿ ತೀರಿಕೊಂಡಳು. ನನ್ನಿಂದ ತಪ್ಪಾಯಿತು ಎಂದು ಆಕೆಗೆ ಒಂದು ಮಾತು ಹೇಳಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಮೊನ್ನೆ ಆ ದಾರ ನೋಡಿ ಹೆಂಡತಿ ಕತ್ತರಿ ತಂದಳು. ಬೇಡ ಅಂದೆ. ಕೊನೆಯ ಆ ದಾರ ಕಡಿಯಲು ಆಯಿಗೆ ಹಲ್ಲಿರಲಿಲ್ಲ, ಕತ್ತರಿಸಲು ಮನಸ್ಸು ಬಂದಿರಲಿಲ್ಲ. ದಾರವನ್ನು ಒಳಗೆ ಸೇರಿಸಿ ಕೌದಿ ಮಡಚಿಟ್ಟೆ.