ಲಂಡನ್ನಿನ ತೀರ್ಪು, ಕ್ಯಾನಿಂಗ್ಟನ್‌ನ ಮನೆ

ನಾನು ಆಸ್ಟ್ರೇಲಿಯಾದಲ್ಲಿ ವಕೀಲನಲ್ಲ. ಇಷ್ಟು ಚಿಕ್ಕ ವಾಕ್ಯವನ್ನು ಹೇಳಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಅದೂ ನಾನಾಗಿ ಹೇಳಲಿಲ್ಲ. ಹೇಳದೆ ಬೇರೆ ದಾರಿ ಇರಲಿಲ್ಲ.

ಮೈಸೂರಿನ ಕೋರ್ಟಿನಲ್ಲಿ ಆರು ವರ್ಷ ಕರಿ ಕೋಟು ಹಾಕಿದ್ದು ನಿಜ. ಹೆಚ್ಚಿನ ದಿನ ಹಿರಿಯರ ಪರವಾಗಿ ಎದ್ದು ನಿಂತು ಮುಂದಿನ ತಾರೀಖು ಕೇಳುವುದೇ ನನ್ನ ವಾದವಾಗಿತ್ತು. ಆಮೇಲೆ ಹೆಂಡತಿಗೆ ಪರ್ತ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು, ಅವಳ ವೀಸಾದ ಸೆರಗು ಹಿಡಿದು ನಾನೂ ಬಂದೆ. ಇಲ್ಲಿ ವಕೀಲಿಕೆ ಮಾಡಬೇಕಾದರೆ ಹಲವು ವಿಷಯಗಳನ್ನು ಮತ್ತೆ ಓದಿ ಪಾಸಾಗಬೇಕು. ಮುಂದಿನ ವರ್ಷ ಓದುತ್ತೇನೆ ಎಂದು ಪ್ರತಿ ವರ್ಷವೂ ಹೇಳಿದೆ. ಅಷ್ಟರಲ್ಲಿ ಪರ್ತ್ ಸಿಟಿಯ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಇಂಗ್ಲೆಂಡಿನ ಕೋರ್ಟುಗಳು ಹಿಂದಿನ ದಿನ ಕೊಟ್ಟ ತೀರ್ಪುಗಳನ್ನು ಓದಿ, ಒಂದೊಂದನ್ನೂ ನಾಲ್ಕೈದು ಸಾಲಿಗೆ ಇಳಿಸಿ, ಲಂಡನ್ನಿನ ವಕೀಲರು ಹಾಸಿಗೆ ಬಿಟ್ಟು ಏಳುವ ಹೊತ್ತಿಗೆ ಅವರ ಇಮೇಲಿಗೆ ತಲುಪಿಸುವುದು. ನಮ್ಮ ಗಡಿಯಾರ ಅವರಿಗಿಂತ ಏಳೆಂಟು ಗಂಟೆ ಮುಂದಿದೆ ಎಂಬ ಕಾರಣಕ್ಕೆ ಈ ಕೆಲಸ ಪರ್ತ್‌ಗೆ ಬಂದಿದೆಯೇ ಹೊರತು ನಮ್ಮ ಜಾಣತನ ನೋಡಿ ಅಲ್ಲ.

ಆದರೆ ಕನ್ನಡ ಕೂಟದಲ್ಲಿ ನಾನು ಲಾಯರ್ ಅಂಕಲ್. ಮೊದಲ ಸಲ ಯಾರೋ ಹಾಗೆ ಕರೆದಾಗ ತಿದ್ದಬೇಕಿತ್ತು. ತಿದ್ದಲಿಲ್ಲ, ಹಿತವಾಗಿತ್ತು. ಮನೆಗೊಂದು ಅಡಿಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟವಿರಲಿ, ಗಣೇಶನ ಹಬ್ಬವಿರಲಿ, ನಾಲ್ಕು ಜನ ಸುತ್ತ ಕೂತರೆ ಸಾಕು, ನನ್ನ ಅಂಗಡಿ ತೆರೆಯುತ್ತಿತ್ತು. ದೊಡ್ಡ ಸೈಜಿನ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಕ್ಕರೆ ತಿಂಡಿ ಮಿಠಾಯಿಯೋ ಅಲ್ಲವೋ ಎಂದು ತೆರಿಗೆಯವರೂ ಕಂಪನಿಯವರೂ ಕೋರ್ಟಿನಿಂದ ಕೋರ್ಟಿಗೆ ಅಲೆದದ್ದನ್ನು ಹೇಳಿ ನಗಿಸುತ್ತಿದ್ದೆ. ಕಂಪ್ಯೂಟರ್ ತಾನಾಗಿ ಹುಟ್ಟಿಸಿಕೊಟ್ಟ ಇಲ್ಲದ ತೀರ್ಪುಗಳನ್ನು ಅಲ್ಲಿನ ವಕೀಲರು ಜಡ್ಜರ ಮುಂದಿಟ್ಟು ಉಗಿಸಿಕೊಂಡ ಸುದ್ದಿಯನ್ನಂತೂ ಎಷ್ಟು ಸಲ ಹೇಳಿದೆನೋ. ಒಂದು ಸಲ ತೆರೆದು ನೋಡೋಕೆ ಆಗಲಿಲ್ವಾ ಆ ಮಹಾಶಯರಿಗೆ ಎಂದು ಹೇಳಿ, ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ.

ಕೂಟದ ಒಬ್ಬ ಹುಡುಗಿ ನನ್ನನ್ನು ಪ್ರಶ್ನೆ ಕೇಳಿದ್ದು ಒಂದು ಜನವರಿಯ ಕೊನೆಯಲ್ಲಿ, ನದಿ ದಡದ ಪಾರ್ಕಿನ ಬಾರ್ಬೆಕ್ಯೂ ಊಟದಲ್ಲಿ. ಹಾಸನದ ಕಡೆಯವಳು. ಓದಲು ಬಂದು, ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಹಿಡಿದು, ಇಲ್ಲೇ ಉಳಿದವಳು. ಆರು ವರ್ಷದ ಹಿಂದೆ ಸ್ನೇಹಿತರೊಬ್ಬರ ಹಿತ್ತಲಲ್ಲಿ ಪುರೋಹಿತರನ್ನು ಕರೆಸಿ, ಹೋಮ ಮಾಡಿ, ಬೆಂಗಳೂರಿನ ಎಂಜಿನಿಯರ್ ಒಬ್ಬನ ಜೊತೆ ಅವಳ ಮದುವೆ ನಡೆದಿತ್ತು. ನಾನೂ ಅಕ್ಷತೆ ಹಾಕಿದ್ದೆ, ಹೋಳಿಗೆ ಎರಡು ಸಲ ಹಾಕಿಸಿಕೊಂಡಿದ್ದೆ. ಮದುವೆಯನ್ನು ಸರಕಾರದಲ್ಲಿ ದಾಖಲು ಮಾಡಿಸುವ ಕಾಗದವನ್ನು ಮಾತ್ರ ಆತ ಇವತ್ತು ನಾಳೆ ಎಂದು ತಳ್ಳುತ್ತಲೇ ಇದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಪ್ಲೇಟಿನಲ್ಲಿ ಸುಟ್ಟ ಜೋಳ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ಅಂಕಲ್, ನನ್ನ ಒಬ್ಳು ಫ್ರೆಂಡ್ ಇದ್ದಾಳೆ. ಶಾಸ್ತ್ರಕ್ಕೆ ಮದ್ವೆ ಆಗಿದೆ, ರಿಜಿಸ್ಟರ್ ಆಗಿಲ್ಲ. ಈಗ ಬೇರೆ ಆಗ್ತಿದ್ದಾರೆ. ಮನೆ ಅವನ ಹೆಸರಲ್ಲಿದೆ. ಇವ್ಳಿಗೂ ಏನಾದ್ರೂ ಬರುತ್ತಾ?"

ಸುತ್ತ ಜನ ಇದ್ದರು. ನನಗೆ ಹುರುಪು ಬಂತು. ನೋಂದಣಿ ಇಲ್ಲದೆ ಬರೀ ಧಾರ್ಮಿಕ ಶಾಸ್ತ್ರ ಮುಗಿಸಿದ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ ಎಂದು ಇಂಗ್ಲೆಂಡಿನ ಮೇಲಿನ ಕೋರ್ಟೊಂದು ಹೇಳಿದ್ದನ್ನು ಬಿಡಿಸಿ ಬಿಡಿಸಿ ವಿವರಿಸಿದೆ. ಮದುವೆಯಾಗದೆ ಒಟ್ಟಿಗಿದ್ದವರಿಗೆ ಅಲ್ಲಿ ಗಂಡ ಹೆಂಡಿರಿಗಿರುವಂಥ ಹಕ್ಕು ಇಲ್ಲವೆಂದೂ ಸೇರಿಸಿದೆ. ಅಲ್ಲಿ ಎಂಬ ಪದವನ್ನು ನುಂಗಿಕೊಂಡೆನೋ, ಹೇಳಿದೆನೋ ನೆನಪಿಲ್ಲ. ನನ್ನ ತಲೆಯಲ್ಲಿ ಅಲ್ಲಿಗೂ ಇಲ್ಲಿಗೂ ವ್ಯತ್ಯಾಸವಿರಲಿಲ್ಲ. ಮೈಸೂರಿನಲ್ಲಿ ಓದುವಾಗ ಇಂಗ್ಲೆಂಡಿನ ತೀರ್ಪು ಎಂದರೆ ತಾಯಿಬೇರು ಎಂದು ಕಲಿಸಿದ್ದರು. ರಾಜನ ತಲೆ ನಾಣ್ಯದ ಮೇಲಿರುವ ದೇಶದಲ್ಲಿ ಬೇರೆ ಇನ್ನೇನು ಇರುತ್ತದೆ ಎಂದುಕೊಂಡಿದ್ದೆ.

"ಹಂಗಾದ್ರೆ ಏನೂ ಇಲ್ವಾ ಅಂಕಲ್?"

"ಏನೂ ಇಲ್ಲಮ್ಮ. ಮದುವೆನೇ ಅಲ್ಲ ಅಂದ್ಮೇಲೆ ಹಕ್ಕು ಎಲ್ಲಿಂದ ಬರುತ್ತೆ? ಸುಮ್ನೆ ಲಾಯರ್‌ಗಳ ಬಾಗಿಲಿಗೆ ಅಲೀಬೇಡ ಅಂತ ಹೇಳು ನಿನ್ನ ಫ್ರೆಂಡ್‌ಗೆ."

ಅವಳು ತಲೆಯಾಡಿಸಿ, ನೊಣ ಓಡಿಸಿಕೊಂಡು, ಜೋಳ ತಿನ್ನದೆ ಹಾಗೇ ಹಿಡಿದುಕೊಂಡು ಎದ್ದು ಹೋದಳು. ಆ ಫ್ರೆಂಡ್ ಅವಳೇ ಎಂದು ಕಾರಿನಲ್ಲಿ ಹೆಂಡತಿ ಹೇಳಿದಳು. ಗಂಡ ಎನ್ನಿಸಿಕೊಂಡವನ ಮನೆ ಬಿಟ್ಟು ಆಗಲೇ ಎರಡು ವಾರವಾಗಿತ್ತಂತೆ. ಪರ್ತ್‌ನದೇ ಬಡಾವಣೆ ಕ್ಯಾನಿಂಗ್ಟನ್ ಹತ್ತಿರದ ಮನೆ. ಅಡಿಗೆಮನೆಯ ಟೈಲ್ಸ್ ಆರಿಸಿದ್ದು, ಹಿತ್ತಲಲ್ಲಿ ಕರಿಬೇವಿನ ಗಿಡ ಬೆಳೆಸಿದ್ದು ಅವಳು. ಸಂಬಳ ಸುರಿದದ್ದೂ ಅವಳೇ. ಮುಂದಿನ ತಿಂಗಳು ಎರಡು ಸೂಟ್‌ಕೇಸ್ ತೆಗೆದುಕೊಂಡು ಅಡಿಲೇಡ್‌ಗೆ ಹೊರಟುಹೋದಳು. ಹೋಗುವ ಮುಂಚೆ ಫೋನ್ ಮಾಡಿ, "ನೀವು ಹೇಳಿದ್ದು ಒಳ್ಳೇದಾಯ್ತು ಅಂಕಲ್, ಸುಮ್ನೆ ಆಸೆ ಇಟ್ಕೊಂಡು ಕೂರ್ತಿದ್ದೆ" ಅಂದಳು. ನನಗೆ ಸಮಾಧಾನವಾಯಿತು. ಒಬ್ಬರಿಗೆ ದಾರಿ ತೋರಿಸಿದೆ ಎಂಬ ಹೆಮ್ಮೆಯೂ ಇತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಮರುವರ್ಷ ಆಗಸ್ಟ್‌ನಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಸುದ್ದಿಯನ್ನು ನಾಲ್ಕು ಸಾಲಿಗೆ ಇಳಿಸುತ್ತಿದ್ದೆ. ಮದುವೆಯಾಗದೆ ಒಟ್ಟಿಗೆ ಬಾಳಿದವರಿಗೂ ಹಕ್ಕು ಕೊಡಬೇಕೆಂಬ ಚರ್ಚೆ ಅಲ್ಲಿ ನಡೆದಿತ್ತು. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಇದು ಬಹಳ ಹಿಂದೆಯೇ ಇದೆ ಎಂದು ಒಂದು ಸಾಲು. ಆ ಸಾಲನ್ನು ಮೂರು ಸಲ ಓದಿದೆ. ಆಮೇಲೆ, ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ, ಇಲ್ಲಿನ ಕಾನೂನನ್ನು ತೆರೆದು ನೋಡಿದೆ. ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಎರಡು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದರೆ ಸಾಕು, ಮನೆ ಯಾರ ಹೆಸರಿನಲ್ಲಿದ್ದರೂ ಪಾಲು ಕೇಳಬಹುದು. ಆದರೆ ಬೇರೆಯಾದ ಎರಡು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಅವಳ ಎರಡು ವರ್ಷ ಮುಗಿಯಲು ಇನ್ನೂ ಐದು ತಿಂಗಳಿತ್ತು.

ನಾನು ನಗಾಡಿದ್ದ ವಕೀಲರು ಇಲ್ಲದ ತೀರ್ಪು ಕೊಟ್ಟಿದ್ದರು. ನಾನು ಕೊಟ್ಟ ತೀರ್ಪು ಅಸಲಿಯೇ, ದೇಶ ಮಾತ್ರ ಬೇರೆ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಒಗ್ಗರಣೆ ಸೌಟು ಕೆಳಗಿಟ್ಟು, "ಈಗ್ಲೇ ಫೋನ್ ಮಾಡಿ" ಅಂದಳು.

"ನಾಳೆ ಮಾಡ್ತೀನಿ. ಸ್ವಲ್ಪ ಸರಿಯಾಗಿ ಓದ್ಕೊಂಡು ಮಾಡೋಣ."

ಮಾಡಲಿಲ್ಲ. ಓದಿಕೊಳ್ಳಲು ಏನೂ ಉಳಿದಿರಲಿಲ್ಲ. ನವೆಂಬರ್‌ನಲ್ಲಿ ರಾಜ್ಯೋತ್ಸವ ಇತ್ತು. ಇಷ್ಟು ವರ್ಷ ಜನರಿಗೆ ಉಚಿತವಾಗಿ ಕಾನೂನು ಸಲಹೆ ಕೊಟ್ಟಿದ್ದಕ್ಕೆ ನನಗೆ ಶಾಲು ಹೊದಿಸಬೇಕೆಂದು ಕೂಟದವರು ತೀರ್ಮಾನಿಸಿದ್ದರು. ಈಗ ಅವಳಿಗೆ ಹೇಳಿದರೆ ಅವಳು ಇನ್ನೊಬ್ಬರಿಗೆ ಹೇಳುತ್ತಾಳೆ, ಅವರು ಮತ್ತೊಬ್ಬರಿಗೆ. ಶಾಲು ಹೋಗಲಿ, ನಾನು ಇಲ್ಲಿ ವಕೀಲನೇ ಅಲ್ಲ ಎಂಬುದೂ ಹೊರಬರುತ್ತದೆ. ರಾಜ್ಯೋತ್ಸವ ಮುಗಿದ ಮಾರನೇ ದಿನ ಹೇಳಿದರೂ ಎರಡು ತಿಂಗಳು ಉಳಿಯುತ್ತದಲ್ಲ ಎಂದು ಲೆಕ್ಕ ಹಾಕಿದೆ. ಹೆಂಡತಿ ವಾರಕ್ಕೊಮ್ಮೆ ಕೇಳಿದಳು. ಸೆಪ್ಟೆಂಬರ್ ಕೊನೆಯಲ್ಲಿ, ಹೇಳಿ ಆಯಿತು ಎಂದು ಅವಳಿಗೂ ಸುಳ್ಳು ಹೇಳಿದೆ.

ಅಕ್ಟೋಬರ್‌ನಲ್ಲಿ ಮಗಳನ್ನು ನೋಡಲು ಬ್ರಿಸ್ಬೇನ್‌ಗೆ ಹೋಗಿದ್ದೆ. ಅವಳು ಅದರ ಪಕ್ಕದ ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಇಬ್ಬರೂ ರೈಲಿನಲ್ಲಿ ಹೋಗುತ್ತಿದ್ದಾಗ ಫೋನ್ ಗುಣುಗುಟ್ಟಿತು. ಅಡಿಲೇಡ್‌ನಿಂದ ಮೆಸೇಜ್. ಅಂಕಲ್ ಹೇಗಿದ್ದೀರಾ, ಇಲ್ಲಿ ಕೆಲಸದ ಜಾಗದಲ್ಲಿ ಒಬ್ಬರು ನನಗೂ ಮನೆಯಲ್ಲಿ ಪಾಲು ಬರಬಹುದು ಅಂತಿದ್ದಾರೆ, ಕಾನೂನು ಏನಾದರೂ ಬದಲಾಗಿದೆಯಾ, ನೀವು ಹೇಳಿದರೆ ಮಾತ್ರ ನಂಬುತ್ತೇನೆ ಎಂದು ಕನ್ನಡ ಅಕ್ಷರದಲ್ಲೇ ಬರೆದಿದ್ದಳು.

ಉತ್ತರ ನನ್ನ ಬೆರಳ ತುದಿಯಲ್ಲೇ ಇತ್ತು. ಹೌದು, ಓಡು, ಇನ್ನೂ ಮೂರು ತಿಂಗಳಿದೆ ಎಂದಷ್ಟೇ ಬರೆಯಬೇಕಿತ್ತು. ಮಗಳು ಪಕ್ಕದಿಂದ ಇಣುಕಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.

"ಹೂ ಈಸ್ ಇಟ್, ಅಪ್ಪ?"

"ಯಾರೋ ಲಾ ಪಾಯಿಂಟ್ ಕೇಳ್ತಿದ್ದಾರೆ ಪುಟ್ಟ."

"ಸ್ಟಿಲ್ ದ ಫೇಮಸ್ ಲಾಯರ್, ಹಾಂ?" ಎಂದು ನಕ್ಕು ನನ್ನ ಭುಜಕ್ಕೆ ತಲೆ ಒರಗಿಸಿದಳು.

ನಾನು ಬರೆದೆ: ಹೊಸದೇನಿಲ್ಲಮ್ಮ. ಕಳಿಸಿದೆ. ಒಂದು ನಿಮಿಷದಲ್ಲಿ ಅವಳಿಂದ ಕೈಮುಗಿಯುವ ಚಿತ್ರ ಬಂತು. ಮಾತಿನಲ್ಲಿ ಸುಳ್ಳೂ ಇಲ್ಲ ಎಂದು ನನಗೆ ನಾನೇ ವಾದ ಹೂಡಿದೆ. ಕಾನೂನು ಹಳೆಯದೇ ತಾನೆ, ಹೊಸದೇನಿದೆ? ಮೈಸೂರಿನ ಕೋರ್ಟಿನಲ್ಲಿ ಆರು ವರ್ಷ ಬಾಯಿಗೆ ಬಾರದ ವಾದ ಆ ರೈಲಿನಲ್ಲಿ ಬಂತು.

ನವೆಂಬರ್‌ನಲ್ಲಿ ಶಾಲು ಹೊದಿಸಿದರು. ಮೈಸೂರು ಪೇಟವನ್ನೂ ಇಟ್ಟರು, ನನ್ನ ತಲೆಗೆ ಸ್ವಲ್ಪ ದೊಡ್ಡದಾಯಿತು. ಮಾರನೇ ದಿನ ಫೋನ್ ಮಾಡಲಿಲ್ಲ. ಈಗ ಹೇಳಿದರೆ ಅಕ್ಟೋಬರ್‌ನಲ್ಲಿ ಯಾಕೆ ಹೇಳಲಿಲ್ಲ ಎನ್ನುತ್ತಾಳಲ್ಲ. ಹೀಗೆ ಒಂದೊಂದು ದಿನವೂ ಅದರ ಹಿಂದಿನ ದಿನವನ್ನು ಮುಚ್ಚಿಕೊಳ್ಳಲು ಖರ್ಚಾಗಿ, ಜನವರಿ ಬಂದು ಹೋಯಿತು.

ಫೆಬ್ರವರಿಯಲ್ಲಿ ಹೆಂಡತಿ ಯಾವುದೋ ಹಬ್ಬದ ರೆಸಿಪಿ ಕೇಳಲು ಅವಳಿಗೆ ಫೋನ್ ಮಾಡಿದಳು. ಮಾತಿನ ನಡುವೆ ಮನೆಯ ವಿಷಯ ಕೇಳಿದಾಗ ಅವಳಿಗೆ ಏನೂ ಗೊತ್ತಿಲ್ಲ. ಫೋನ್ ಇಟ್ಟ ಹೆಂಡತಿ ನನ್ನನ್ನು ಬೈಯಲಿಲ್ಲ. ಲ್ಯಾಪ್‌ಟಾಪ್ ತೆರೆದು ಅಡಿಲೇಡ್‌ಗೆ ಒಂದು ಟಿಕೆಟ್ ತೆಗೆದಳು. "ಎದುರಿಗೆ ಕೂತು ಹೇಳಿ ಬನ್ನಿ" ಅಂದಳು. ಅಷ್ಟೇ ಮಾತು.

ಅಡಿಲೇಡ್‌ನಲ್ಲಿ ಬೆಂಕಿಯಂಥ ಬಿಸಿಲು. ಇನ್ನೊಬ್ಬ ಹುಡುಗಿಯ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಕಿಟಕಿಯಲ್ಲಿ ಕಾಫಿ ಮಗ್ಗಿನಲ್ಲಿ ನೆಟ್ಟ ಕರಿಬೇವು, ಎಂಟು ಹತ್ತು ಎಲೆ. ನನಗಾಗಿ ರಜೆ ಹಾಕಿ ಬಿಸಿಬೇಳೆಬಾತ್ ಮಾಡಿದ್ದಳು. ಗೆಳತಿಗೆ, "ಇವ್ರೇ ನಾನು ಹೇಳ್ತಿದ್ದ ಲಾಯರ್ ಅಂಕಲ್" ಎಂದು ಪರಿಚಯ ಮಾಡಿದಳು. ಊಟಕ್ಕೆ ಮುಂಚೆ ಹೇಳಬೇಕೆಂದಿದ್ದೆ. ಊಟವಾದ ಮೇಲೆ ಹೇಳಿದೆ.

ಅವಳು ಬಹಳ ಹೊತ್ತು ಮೇಜು ಒರೆಸಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ನಿಮ್ಗೆ ಯಾವಾಗ ಗೊತ್ತಾಯ್ತು ಅಂಕಲ್?"

"ಮೊನ್ನೆ ಮೊನ್ನೆ" ಅಂದೆ.

ಅದಕ್ಕೆ ಅವಳು ನನ್ನನ್ನೇ ಸಮಾಧಾನ ಮಾಡಿದಳು. "ಗೊತ್ತಿದ್ರೆ ನೀವು ಹೇಳ್ತಿರ್ಲಿಲ್ವಾ? ಬಿಡಿ, ನೀವ್ ಬೇಜಾರ್ ಮಾಡ್ಕೋಬೇಡಿ" ಅಂದಳು. ಉಳಿದ ಬಾತನ್ನು ಡಬ್ಬಿಗೆ ಹಾಕಿ ಕೊಟ್ಟಳು. ಆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ವಿಮಾನದಲ್ಲಿ ಮೂರು ಗಂಟೆ ಕೂತು ಬಂದೆ. ನನ್ನ ಬದುಕಿನಲ್ಲಿ ಅಷ್ಟು ಕೀಳಾಗಿ ನಾನು ಎಂದೂ ಕೂತಿಲ್ಲ.

ಎರಡು ವಾರದ ಮೇಲೆ ಅವಳ ಫೋನ್ ಬಂತು. ಅಲ್ಲಿನ ಉಚಿತ ಕಾನೂನು ನೆರವಿನ ವಕೀಲೆಯೊಬ್ಬರನ್ನು ಕಂಡಿದ್ದಳಂತೆ. ಗಡುವು ಮುಗಿದಿದ್ದರೂ, ತಡವಾಗಲು ಸರಿಯಾದ ಕಾರಣವಿದ್ದರೆ, ಅವಳಿಗೆ ನಿಜವಾಗಿ ಕಷ್ಟವಾಗುವುದಾದರೆ, ಪರ್ತ್‌ನ ಕೋರ್ಟು ಅನುಮತಿ ಕೊಡಬಹುದು. ಕೊಡದಿದ್ದರೆ ಮನೆಯ ಮಾತು ಅಲ್ಲಿಗೆ ಮುಗಿಯಿತು. ತಡ ಯಾಕಾಯಿತು ಎಂಬುದಕ್ಕೆ ಸಾಕ್ಷಿ ನಾನೊಬ್ಬನೇ. "ನೀವು ಅವತ್ತು ಹೇಳಿದ್ದನ್ನ ಒಂದ್ ಅಫಿಡವಿಟ್‌ನಲ್ಲಿ ಬರ್ಕೊಡ್ತೀರಾ ಅಂಕಲ್? ನಿಮ್ಗೆ ತೊಂದ್ರೆ ಆಗಲ್ಲ ತಾನೆ?" ಅಂದಳು.

ಊಟದ ಮೇಜಿನ ಮುಂದೆ ಕೂತು ಬರೆದೆ. ಪಾರ್ಕು, ಜೋಳ, ಇಂಗ್ಲೆಂಡಿನ ತೀರ್ಪು, ಎಲ್ಲ ಬರೆದು ಅಲ್ಲಿಗೇ ನಿಲ್ಲಿಸಿದ್ದೆ. ಹೆಂಡತಿ ಕನ್ನಡಕ ಹಾಕಿಕೊಂಡು ಓದಿದಳು.

"ಆಗಸ್ಟ್ ಎಲ್ಲಿ?"

ಆಗಸ್ಟ್ ಬರೆದರೆ ಅಕ್ಟೋಬರ್ ಬರೆಯಬೇಕು. ಗಡುವು ಇರುವಾಗಲೇ ಅವಳು ಕೇಳಿದ್ದಳು, ನಾನು ಇಲ್ಲವೆಂದಿದ್ದೆ. ಅವಳಿಗೆ ಅನುಮತಿ ಸಿಗಲು ಅದಕ್ಕಿಂತ ಗಟ್ಟಿ ಕಾರಣ ಬೇರೊಂದಿಲ್ಲ ಎಂದು ಅರೆ ವಕೀಲನಾದ ನನಗೂ ಗೊತ್ತಿತ್ತು. ಬರೆದರೆ ಅವಳಿಗೆ ಮನೆಯ ಪಾಲು ಸಿಗಬಹುದು. ಬರೆದರೆ ಮೊನ್ನೆ ಮೊನ್ನೆ ಎಂದದ್ದನ್ನು ಅವಳು ಓದುತ್ತಾಳೆ.

ಹರಿದು ಹಾಕಿ ಮೊದಲಿನಿಂದ ಶುರು ಮಾಡಿದೆ. ಮೊದಲ ಸಾಲು: ನಾನು ಆಸ್ಟ್ರೇಲಿಯಾದಲ್ಲಿ ವಕೀಲನಲ್ಲ.

ರುಜು ಹಾಕಲು ಕ್ಯಾನಿಂಗ್ಟನ್‌ನ ಲೈಬ್ರರಿಗೆ ಹೋದೆ. ಅಲ್ಲಿ ಇಂಥ ಕಾಗದಗಳಿಗೆ ಸಾಕ್ಷಿ ಹಾಕಲು ಸರಕಾರ ನೇಮಿಸಿದ ನಿವೃತ್ತರೊಬ್ಬರು ಮೇಜು ಹಾಕಿಕೊಂಡು ಕೂರುತ್ತಾರೆ. ಅವರು ಒಳಗಿನದನ್ನು ಓದಲಿಲ್ಲ, ಓದುವುದು ಅವರ ಕೆಲಸವಲ್ಲ. ಬರೆದದ್ದೆಲ್ಲ ನಿಜ ಎಂದು ನನ್ನಿಂದ ಹೇಳಿಸಿ, ಪುಟಪುಟಕ್ಕೂ ಮೊಹರು ಒತ್ತಿದರು. "ಗುಡ್ ಆನ್ ಯು, ಮೇಟ್" ಎಂದು ಕೈ ಕುಲುಕಿದರು. ನಾನು ತಲೆ ಎತ್ತಲಿಲ್ಲ. ಅಲ್ಲಿಂದಲೇ ಕೂಟದ ಅಧ್ಯಕ್ಷರ ಮನೆಗೆ ಹೋಗಿ, ವಿಷಯ ಹೇಳಿ, ಶಾಲು ವಾಪಸ್ ಕೊಟ್ಟೆ. ಅವರು ಮುಜುಗರದಿಂದ, "ಇರ್ಲಿ ಬಿಡಿ ಸಾರ್, ಯಾರಿಗ್ ಗೊತ್ತಾಗುತ್ತೆ" ಅಂದರು. ನಾನೂ ಹಾಗೇ ಅಂದುಕೊಂಡೇ ಇಷ್ಟು ದೂರ ಬಂದದ್ದು ಎಂದೆ.

ಅಫಿಡವಿಟ್ ಓದಿದ ಮೇಲೆ ಅವಳು ಫೋನ್ ಮಾಡಲಿಲ್ಲ. ಅವಳ ವಕೀಲೆಯಿಂದ ಇಂಗ್ಲಿಷಿನಲ್ಲಿ ಎರಡು ಸಾಲಿನ ಇಮೇಲ್ ಬಂತು, ತಲುಪಿದೆ ಎಂದು.

ಹಲವು ತಿಂಗಳ ಮೇಲೆ ಕೋರ್ಟು ಅವಳಿಗೆ ಅನುಮತಿ ಕೊಟ್ಟಿತು. ಅದು ನನಗೆ ಗೊತ್ತಾದದ್ದು ಅವಳಿಂದಲ್ಲ. ಈಗ ನಾನು ಇಲ್ಲಿನ ತೀರ್ಪುಗಳನ್ನೂ ಓದುತ್ತೇನೆ. ಹೆಸರುಗಳನ್ನು ಬದಲಿಸಿ ಪ್ರಕಟಿಸಿದ್ದರು, ಆದರೂ ಮೊದಲ ಪುಟದಲ್ಲೇ ಗುರುತು ಸಿಕ್ಕಿತು. ಅವಳಿಗೊಂದು ಸುಳ್ಳು ಹೆಸರು, ಅವನಿಗೊಂದು. ನನಗೆ ಅದೂ ಇರಲಿಲ್ಲ, ಬರೀ ಕುಟುಂಬದ ಸ್ನೇಹಿತ. ಗಡುವಿನೊಳಗೆ ಅರ್ಜಿದಾರಳು ನೇರವಾಗಿ ಕೇಳಿದಾಗ ಈ ಸ್ನೇಹಿತ ಕೊಟ್ಟ ಉತ್ತರವೇ ತಡಕ್ಕೆ ಮುಖ್ಯ ಕಾರಣ ಎಂದು ಜಡ್ಜರು ಬರೆದು, ಕೆಳಗೆ ನನ್ನ ಮೆಸೇಜನ್ನು ಇಂಗ್ಲಿಷಿಗೆ ಮಾಡಿಸಿ ಹಾಕಿದ್ದರು. ಎರಡೇ ಪದ. ನಥಿಂಗ್ ನ್ಯೂ.

ಯಾವುದೇ ಕೋರ್ಟಿನ ತೀರ್ಪಿನಲ್ಲಿ ದಾಖಲಾದ ನನ್ನ ಮಾತು ಇಡೀ ಜೀವಮಾನದಲ್ಲಿ ಅದೊಂದೇ. ಕೊನೆಯಲ್ಲಿ ನಾನು ಸೇರಿಸಿದ್ದ 'ಅಮ್ಮ'ವನ್ನು ಅನುವಾದಕರು ಬಿಟ್ಟಿದ್ದರು. ಆ ಸಾಲನ್ನು ಇಳಿಸುವ ಕೆಲಸ ನನಗೆ ಬಂದಿದ್ದರೆ ನಾನೂ ಬಿಡುತ್ತಿದ್ದೆ.