ನಿಂಬೆಹಣ್ಣು ಕಟ್ಟಿದ ಲೈಟು

ಕಲಬುರಗಿಯಲ್ಲಿ ಕಾಲೇಜು ಓದುವಾಗ ನಾವು ಐದು ಮಂದಿ ಸೇರಿ ಒಂದು ಕಿರುಚಿತ್ರ ಮಾಡಿದೆವು. ನಾನೇ ನಾಯಕಿ. ಆ ಚಿತ್ರದ ಮಾತು ಬಂದರೆ ಇಂದಿಗೂ ನನಗೆ ಮೈ ಉರಿಯುತ್ತದೆ.

ಶೂಟಿಂಗ್ ಇದ್ದದ್ದು ಕಮಲಾಪುರದಲ್ಲಿ, ನಿರ್ದೇಶಕನ ಚಿಕ್ಕಪ್ಪನ ಮನೆಯಲ್ಲಿ. ನಿರ್ದೇಶಕ ನನ್ನದೇ ತರಗತಿಯ ಹುಡುಗ. ಅಂದು ಮಾತ್ರ ನಾವೆಲ್ಲ ಅವನನ್ನು ‘ಸರ್’ ಎನ್ನಬೇಕಿತ್ತು. ಮುಹೂರ್ತಕ್ಕೇನೂ ಕೊರತೆ ಆಗಲಿಲ್ಲ. ಕ್ಯಾಮೆರಾಕ್ಕೆ ಕುಂಕುಮ, ಊದುಬತ್ತಿ, ತೆಂಗಿನಕಾಯಿ. ಕಲಬುರಗಿಯ ಶಹಾಬಜಾರದಿಂದ ಬಾಡಿಗೆಗೆ ತಂದ ಮದುವೆ ಶೂಟಿಂಗಿನ ಲೈಟಿಗೆ, ಅದರ ಕಬ್ಬಿಣದ ಸ್ಟ್ಯಾಂಡಿಗೆ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಇಷ್ಟೆಲ್ಲ ನೆನಪಿಟ್ಟು ತಂದ ಮಹಾಶಯರಿಗೆ ಒಂದು ಪ್ಲಗ್ ತರುವುದು ನೆನಪಾಗಿರಲಿಲ್ಲ. ವೈರಿನ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿದರು. ವೈರು ನಡುವೆಯೂ ಹರಿದಿತ್ತು. ಅಲ್ಲಿ ಪ್ಲಾಸ್ಟಿಕ್ ಚೀಲದ ಚೂರು ಸುತ್ತಿ, ಸ್ಟ್ಯಾಂಡಿಗೇ ಬಿಗಿದಿದ್ದರು.

ದೃಶ್ಯ ಇಷ್ಟೆ: ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿರುವ ಹೆಂಡತಿಗೆ ಗಂಡ ಸತ್ತ ಸುದ್ದಿ ಬರುತ್ತದೆ. ನೆಲದ ತುಂಬ ನೀರು ಹರಿಯುತ್ತಿರಬೇಕಂತೆ, ಆಗಲೇ ಫೀಲಿಂಗ್ ಬರುವುದಂತೆ.

“ಆ ವೈರ್ ನೋಡೋ. ನಾ ನೀರಾಗ ಬರಿಗಾಲಲೆ ಕುಂಡ್ರಬೇಕು,” ಎಂದೆ.

“ಏನೂ ಆಗಂಗಿಲ್ಲ ಬಾ. ನಿಂಬಿಹಣ್ಣ ಕಟ್ಟೀವಲ್ಲ!” ಎಂದ ನಿರ್ದೇಶಕ.

ಎಲ್ಲರೂ ನಕ್ಕರು. ನಾನು ಕೂತೆ. ಕೊಡ ಎತ್ತುವಾಗ ಒದ್ದೆ ಮೊಣಕೈ ಸ್ಟ್ಯಾಂಡಿಗೆ ತಾಗಿತು. ಮೈಯೆಲ್ಲ ಹಿಡಿದು ಜಾಡಿಸಿದಂತಾಯಿತು. ಬಾಯಿ ತೆರೆದಿತ್ತು, ದನಿ ಹೊರಡಲಿಲ್ಲ. ಗೋಡೆಗೆ ಹೋಗಿ ಬಿದ್ದೆ. ಆಗ ನಿರ್ದೇಶಕ ನನ್ನ ಕಡೆ ನೋಡಲೂ ಇಲ್ಲ. ಕ್ಯಾಮೆರಾ ಹಿಡಿದವನನ್ನು ಕೇಳಿದ: “ರೆಕಾರ್ಡ್ ಆತೇನಲೇ?”

ಓಡಿಬಂದು ಮೇನ್ ಸ್ವಿಚ್ ಆರಿಸಿದವಳು ಅವನ ಕಾಕಿ, ಆ ಚಿಕ್ಕಪ್ಪನ ಹೆಂಡತಿ. “ಮಂದಿ ಮಗಳನ್ನ ಕೊಲ್ಲಾಕ ಕರಕೊಂಡ್ ಬಂದೀಯೇನೋ?” ಎಂದು ಬೈದು, ನನ್ನನ್ನು ಒಣನೆಲದ ಮೇಲೆ ಕೂರಿಸಿ ಕೈ ತಿಕ್ಕಿದಳು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಅವಳು ಕೊಟ್ಟ ಚಹಾ ಕುಡಿದು ಮುಗಿಸುವ ಮೊದಲೇ ನಿರ್ದೇಶಕ ಬಂದು, ಇನ್ನೊಂದು ಟೇಕ್ ಎಂದ.

“ಮೊದಲ ನೀ ಕುಂಡ್ರು. ಚಪ್ಪಲ್ ಬಿಟ್ಟು, ನೀರಾಗ ಕುಂತು, ಆ ಸ್ಟ್ಯಾಂಡ್ ಹಿಡಿ. ಆಮ್ಯಾಲ ನಾ ಬರ್ತೀನಿ.”

ಅವನು ಚಪ್ಪಲಿ ಬಿಡಲಿಲ್ಲ. ಹಿಂದಿನಿಂದ ಯಾರೋ “ಹೀರೋಯಿನ್ ನಖರಾ ಶುರು ಆತು” ಅಂದರು. ಜೀವ ಉಳಿಸಿಕೊಳ್ಳುವುದು ಇವರ ಪ್ರಕಾರ ನಖರಾ! ನಾನು ಬಟ್ಟೆ ಬದಲಿಸಿ ಕಲಬುರಗಿಯ ಬಸ್ಸು ಹಿಡಿದೆ.

ನನಗೆ ಕರೆಂಟ್ ಹೊಡೆದದ್ದನ್ನೇ ಇಟ್ಟುಕೊಂಡು ಅವನು ಚಿತ್ರ ಮುಗಿಸಿದ. ಆ ಶಾಟ್ ತೆಗೆದುಹಾಕು ಎಂದು ಆಮೇಲೆ ಎಷ್ಟೋ ಸಲ ಹೇಳಿದೆ. ತೆಗೆಯಲಿಲ್ಲ. ಕಾಲೇಜಿನ ಸ್ಪರ್ಧೆಯಲ್ಲಿ ಚಿತ್ರ ತೋರಿಸಿದ ದಿನ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿತ್ತು. ಉತ್ತಮ ನಟಿ ನಾನೇ ಎಂದು ವೇದಿಕೆಗೆ ಕರೆದರು. ತೀರ್ಪು ಕೊಡಲು ಬಂದಿದ್ದ ಮೇಷ್ಟ್ರು ನನ್ನ ಕೈಗೆ ಮೈಕು ಕೊಟ್ಟು ಕೇಳಿದರು: “ಸುದ್ದಿ ಕೇಳಿ ಮೈ ಹಂಗ ನಡುಗ್ತಲ್ಲವ್ವಾ, ಹೆಂಗ ಮಾಡಿದಿ?”

“ಮಾಡಿಲ್ಲರೀ ಸರ್. ಖರೇನೇ ಕರೆಂಟ್ ಹೊಡೀತು. ಸಾಯ್ತಿದ್ದೆ.”

ಸಭೆ ಗೊಳ್ಳೆಂದು ನಕ್ಕಿತು. ತಮಾಷೆ ಎಂದುಕೊಂಡು ಮೇಷ್ಟ್ರೂ ನಕ್ಕರು. ಅಂದು ಆ ಬಚ್ಚಲಲ್ಲಿ ನಿಂತು ನೋಡಿದ್ದ ನಾಲ್ವರೂ ಮುಂದಿನ ಸಾಲಿನಲ್ಲೇ ಕೂತಿದ್ದರು. ಒಬ್ಬನಾದರೂ ಎದ್ದು, ಅವಳು ಹೇಳುವುದು ನಿಜ ಎನ್ನಲಿಲ್ಲ. ಅವರೂ ನಗುತ್ತಿದ್ದರು.