ನನ್ನ ಹೆಸರಿನಲ್ಲಿ ಬಿಟ್ಟ ಮಾವಿನಹಣ್ಣು

ಈ ಬೆಳಿಗ್ಗೆ ಪಕ್ಕದ ಮನೆಯವರು ತಮ್ಮ ತೋಟದ್ದು ಅಂತ ಒಂದು ಬುಟ್ಟಿ ಮಾವಿನಹಣ್ಣು ಕೊಟ್ಟು ಹೋದರು. ಮೇಲೆ ಮುಚ್ಚಿದ್ದ ಪೇಪರ್ ಸರಿಸಿದೆ. ಆ ವಾಸನೆಗೆ ಯಾರಿಗಾದರೂ ಬಾಯಲ್ಲಿ ನೀರು ಬರಬೇಕು. ನನಗೆ ಬಂದದ್ದು ಸಿಟ್ಟು. ಹಿಂದೆಲ್ಲ ಸಿಟ್ಟು ಬಂದರೆ ಪಾತ್ರೆ ಉಜ್ಜಲು ಕೂರುತ್ತಿದ್ದೆ. ಈಗ ಫೋನಿನಲ್ಲಿ ಕನ್ನಡ ಒತ್ತುವುದು ಕಲಿತಿದ್ದೇನೆ, ಪಾತ್ರೆಗಳು ಬದುಕಿಕೊಂಡಿವೆ. ಒಂದೇ ಬೆರಳಿನಲ್ಲಿ ಒತ್ತುವುದರಿಂದ ನಿಧಾನ. ಆದರೂ ಪರವಾಗಿಲ್ಲ, ಈ ಸಿಟ್ಟು ಆರುವ ಜಾತಿಯದಲ್ಲ. ಕೆಲವು ವರ್ಷಗಳಿಂದ ಬಿಸಿಯಾಗಿಯೇ ಇದೆ.

ನಾನೂ ನಮ್ಮ ಮನೆಯವರೂ ಕಾಶಿಗೆ ಹೋಗಿದ್ದೆವು. ಯಾತ್ರೆ ಅಂದುಕೊಳ್ಳಬೇಡಿ. ಹೊರಡುವ ಮೊದಲೇ ನಾನು ಖಡಾಖಂಡಿತವಾಗಿ ಹೇಳಿದ್ದೆ: "ನೋಡಿ, ಇದು ಟೂರು. ಸುತ್ತೋದು, ತಿನ್ನೋದು, ವಾಪಸ್ ಬರೋದು. ಪಿಂಡ, ಶ್ರಾದ್ಧ, ಉಪವಾಸ ಅಂತ ಏನಾದ್ರೂ ಎತ್ತಿದ್ರೆ ನಾನು ಮುಂದಿನ ಸ್ಟೇಷನ್ನಲ್ಲೇ ಇಳೀತೀನಿ." ಅವರು "ಆಯ್ತು ಮಾರಾಯ್ತಿ" ಅಂದರು. ಅವರು ಇಷ್ಟು ಬೇಗ ಆಯ್ತು ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದವರು ಅವರು. ರಿಟೈರ್ ಆದ ಮೇಲೆ ಶಿಳ್ಳೆ ಬಿಟ್ಟರು, ಕವಾಯತು ಬಿಡಲಿಲ್ಲ. ನಾನು ಎಡಕ್ಕೆ ತಿರುಗಬೇಕೋ ಬಲಕ್ಕೋ ಅನ್ನುವುದು ನನಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಜೂನ್ ತಿಂಗಳು. ಆ ಊರಿನ ಬಿಸಿಲೆಂದರೆ ಒಲೆಯ ಬಾಯಿಗೆ ಮುಖ ಇಟ್ಟಂತೆ. ಬುದ್ಧಿ ಇರುವವರು ಆ ತಿಂಗಳು ಅಲ್ಲಿಗೆ ಹೋಗುವುದಿಲ್ಲ. ಅದಕ್ಕೇ ರೈಲಿನಲ್ಲಿ ಸೀಟು ಸಿಕ್ಕಿತ್ತು. ಸೋನಾರ್‌ಪುರದ ಗಲ್ಲಿಯೊಂದರಲ್ಲಿ, ತಲೆಮಾರುಗಳಿಂದ ಅಲ್ಲೇ ಪೌರೋಹಿತ್ಯ ಮಾಡಿಕೊಂಡಿರುವ ಕನ್ನಡದವರ ಮನೆಯ ಮಹಡಿಯಲ್ಲಿ ಇಳಿದುಕೊಂಡೆವು. ಮನೆಯಲ್ಲಿ ತರುಣ ಪುರೋಹಿತರು, ಅವರ ತಾಯಿ. ಆಕೆಯನ್ನು ಎಲ್ಲರೂ ಕರೆಯುವುದು ಅಜ್ಜಿ ಅಂತ. ನಾನೂ ಅಜ್ಜಿಯೇ, ಆದರೂ ಹಾಗೇ ಕರೆದೆ. ಅವರ ಕನ್ನಡ ನಮ್ಮ ಮುತ್ತಜ್ಜಿಯ ಕಾಲದ್ದು, ನಡುನಡುವೆ ಹಿಂದಿಯ ಒಗ್ಗರಣೆ. "ಬಾ ತಾಯಿ, ಪಂಖಾ ಕೆಳಗೆ ಕೂತ್ಕೋ. ಇಂಥಾ ಗರ್ಮಿಯಲ್ಲಿ ಘೂಮ್ನೆ, ಸುತ್ತೋಕೆ ಬಂದಿದ್ದೀರಾ? ತಲೆ ಸರಿ ಇದೆಯೇನು ನಿಮ್ದು?" ಅಂತ ಸ್ವಾಗತಿಸಿದರು. ಅಷ್ಟಕ್ಕೇ ನನಗೆ ಆಕೆ ಇಷ್ಟವಾಗಿಬಿಟ್ಟರು.

ಮೊದಲ ದಿನ ಬಹಳ ಚೆನ್ನಾಗಿ ಹೋಯಿತು, ಸುಳ್ಳು ಹೇಳಬಾರದು. ಗೋದೌಲಿಯಾ ಪೇಟೆಯ ಜನಸಾಗರದಲ್ಲಿ ಇವರ ಅಂಗಿಯ ಚುಂಗು ಹಿಡಿದುಕೊಂಡು ಹೋಗಿ, ನಿಂತುಕೊಂಡೇ ಕಚೋರಿ ತಿಂದೆ. ಮೇಲೆ ಕೆನೆ ಹಾಕಿದ ಲಸ್ಸಿಯನ್ನು ಮಣ್ಣಿನ ಕುಡಿಕೆಯಲ್ಲಿ ಕುಡಿದೆ. ಸಾರನಾಥದಲ್ಲಿ ಆ ಸ್ತೂಪದ ನೆರಳು ಎತ್ತ ಸರಿಯಿತೋ ಅತ್ತ ನಾವೂ ಸರಿದೆವು. ಟೊಮೇಟೊ ಚಾಟ್ ತಿನ್ನುವಾಗ ಮಾತ್ರ ಇವರು "ಸಾಕು ಕಣೇ, ಸಾಕು" ಅಂತ ಎರಡು ಸಲ ಅಂದರು. ನನಗೆ ಸಕ್ಕರೆ ಕಾಯಿಲೆ ಇದೆ. ಮಾತ್ರೆ ನಾನು ನುಂಗುತ್ತೇನೆ, ಪಥ್ಯ ಅವರು ಮಾಡಿಸುತ್ತಾರೆ.

ಮಾರನೆಯ ಬೆಳಿಗ್ಗೆ ಶುರುವಾಯಿತು ನೋಡಿ. "ಇಷ್ಟು ದೂರ ಬಂದು ಗಂಗೇಲಿ ಒಂದು ಮುಳುಗು ಹಾಕದೆ ಹೋಗೋದೇ? ಒಂದು ಸಣ್ಣ ಸಂಕಲ್ಪ ಅಷ್ಟೇ" ಅಂದರು. ಸೆಖೆಗೆ ನೀರೆಂದರೆ ನನಗೂ ಆಸೆಯೇ. ಸರಿ ಅಂತ ಹೋದೆ.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರಬೇಕು ಅನ್ನುವುದು ನಿಮಗೂ ಗೊತ್ತಿರುತ್ತದೆ. ಆಮೇಲೆ ಸಾಯುವ ತನಕ ಅದನ್ನು ಬಾಯಿಗೆ ಇಡುವಂತಿಲ್ಲ. ಪದ್ಧತಿಯೇನೋ ದೊಡ್ಡದು. ನಮ್ಮ ಬಳಗದಲ್ಲಿ ಹೋಗಿಬಂದವರಲ್ಲಿ ಮುಕ್ಕಾಲು ಮಂದಿ ಬಿಟ್ಟಿರುವುದು ಹಾಗಲಕಾಯಿ. ನಮ್ಮತ್ತೆ ಹಲಸಿನಹಣ್ಣು ಬಿಟ್ಟು ಬಂದು ಹಲಸಿನ ಹಪ್ಪಳ ತಿನ್ನುತ್ತಿದ್ದರು. "ಅದು ಕಾಯೀದು, ನಾನು ಬಿಟ್ಟಿದ್ದು ಹಣ್ಣು" ಅನ್ನುವುದು ಅವರ ವಾದ. ದೇವರು ಅತ್ತೆಯಂಥವರ ಜೊತೆ ವಾದಕ್ಕೆ ಇಳಿದಿರಲಾರ.

ಇನ್ನೊಂದು ಪದ್ಧತಿಯೂ ಇದೆ. ಸಂಕಲ್ಪದ ಹೊತ್ತಿನಲ್ಲಿ ಹೇಳುವವನು ಗಂಡ. ಹೆಂಡತಿ ಅವನ ತೋಳು ಮುಟ್ಟಿಕೊಂಡು ನಿಂತಿರಬೇಕು. ಮುಟ್ಟಿದರೆ ಮುಗಿಯಿತು, ಅವನು ಹೇಳಿದ್ದೆಲ್ಲ ಕರೆಂಟಿನ ಹಾಗೆ ಹರಿದು ಇವಳಿಗೂ ಸೇರುತ್ತದೆ. ಮದುವೆಯಾದಂದಿನಿಂದ ನಾನು ಹಾಗೆ ಮುಟ್ಟಿಕೊಂಡು ನಿಂತವಳೇ. ಅಂದೂ ಸೊಂಟದ ತನಕ ನೀರಿನಲ್ಲಿ ನಿಂತು ಇವರ ತೋಳು ಮುಟ್ಟಿಕೊಂಡಿದ್ದೆ. ಕಣ್ಣು ಮಾತ್ರ ಬೇರೆ ಕಡೆ ಇತ್ತು. ಆಚೆಗೆ ಒಂದು ಎಮ್ಮೆ ಮೂಗು, ಕೋಡು ಮಾತ್ರ ಮೇಲಿಟ್ಟುಕೊಂಡು ಮುಳುಗಿ ಕೂತಿತ್ತು. ಎಂಥ ಸುಖ ಆ ಮುಖದಲ್ಲಿ! ಯಾರ ತೋಳನ್ನೂ ಮುಟ್ಟಿಕೊಂಡಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಪುರೋಹಿತರು "ಯಜಮಾನ್ರೇ, ಏನು ಬಿಡ್ತೀರಿ, ಜಲ್ದಿ ಹೇಳಿ, ಧೂಪ್ ಏರ್ತಿದೆ, ಬಿಸಿಲು" ಅಂದದ್ದು ಕಿವಿಗೆ ಬಿತ್ತು. ಇವರು ಏನೋ ಗೊಣಗಿದರು. ನೀರು ಬಿಟ್ಟರು. ಮುಳುಗಿದೆವು, ಎದ್ದೆವು.

ಆಮೇಲೆ ಅಸ್ಸಿ ಘಾಟಿಗೆ ಹೋಗಿ ಚಹಾ ಕುಡಿದೆವು. ಅಲ್ಲೊಂದು ತಳ್ಳುಗಾಡಿಯ ತುಂಬ ಮಾವಿನಹಣ್ಣು, ಆ ಊರಿನ ಲಂಗಡಾ. ಹಣ್ಣಾದರೂ ಹಸಿರಾಗಿಯೇ ಇರುತ್ತದೆ, ಗುಟ್ಟು ಬಿಟ್ಟುಕೊಡುವುದಿಲ್ಲ. ಮೂಗಿನ ಹತ್ತಿರ ತಂದರೇ ಗೊತ್ತಾಗುವುದು. "ಸೂಂಘ್‌ಕೇ ದೇಖಿಯೇ ಮಾತಾಜೀ", ಮೂಸಿ ನೋಡಿ ಅಂದ ಗಾಡಿಯವನು. ನಾನು ಒಂದನ್ನು ಎತ್ತಿದೆ. ಇವರು ಹಿಂದಿನಿಂದ ನನ್ನ ಕೈ ಹಿಡಿದರು.

"ಇಡು ಕೆಳಗೆ. ನೀನು ಅದನ್ನ ಬಿಟ್ಟಿದ್ದೀಯ."

"ನಾನಾ? ಯಾವಾಗ?"

"ಬೆಳಿಗ್ಗೆ. ಸಂಕಲ್ಪದಲ್ಲಿ."

"ನೀವೇನು ಬಿಟ್ರಿ?"

ಇವರು ಗಂಗೆಯ ಕಡೆ ಮುಖ ತಿರುಗಿಸಿ, "ಹಾಗಲಕಾಯಿ" ಅಂದರು.

ಹಾಗಲಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳಿ ತಳ್ಳಿ ಬದುಕಿದ ಮನುಷ್ಯ! ಮತ್ತೆ ನನ್ನ ಮಾವಿನಹಣ್ಣು? ನೀವು ಹೆಂಗಸರಾಗಿದ್ದರೆ ವಿವರಿಸಬೇಕಾಗಿಲ್ಲ. ಗಂಡಸರಾಗಿದ್ದರೆ ಕೇಳಿಸಿಕೊಳ್ಳಿ. ಹಣ್ಣಿನ ಎರಡು ಕೆನ್ನೆ ಕೊಯ್ದರೆ ಒಂದು ಮಾವನವರಿಗೆ, ಒಂದು ಇವರಿಗೆ. ಆಮೇಲೆ ಮಕ್ಕಳಿಗೆ, ಮಕ್ಕಳ ಮಕ್ಕಳಿಗೆ. ಕೊಯ್ದವಳಿಗೆ ನಡುವಿನ ಗೊರಟು, ಓಟೆ. ಅಡುಗೆಮನೆಯಲ್ಲಿ ನಿಂತುಕೊಂಡು, ಮೊಣಕೈ ತನಕ ರಸ ಇಳಿಸಿಕೊಂಡು ಓಟೆ ಚೀಪಿದವಳು ನಾನು. "ನಿನಗೆ ಓಟೆ ಅಂದ್ರೆ ಪ್ರಾಣ" ಅಂತ ಮನೆಯವರೆಲ್ಲ ನನ್ನನ್ನು ನಂಬಿಸಿದ್ದರು. ಈಗಾದರೂ, ಕೇಳುವವರಿಲ್ಲದ ಊರಿನಲ್ಲಿ, ಒಂದು ಇಡೀ ಹಣ್ಣನ್ನು ಕೂತು ತಿನ್ನಬೇಕು ಅಂತ ರೈಲು ಹತ್ತಿದ್ದೆ. ನಾನು ಇನ್ನೂ ಹಿಡಿದುಕೊಂಡೇ ಇರದದ್ದನ್ನು ಇವರು ನನ್ನ ಕೈಯಿಂದ ಬಿಡಿಸಿದ್ದರು.

"ನಾನು ಹೇಳಿದ್ರೆ ನೀನು ಕೇಳಲ್ಲ. ಗಂಗೆ ಮುಂದೆ ಬಿಟ್ರೆ ಕೇಳ್ತೀಯ ಅಂತ," ಅಂದರು.

"ಅಂದ್ರೆ ಗಂಗೇನ ಪೊಲೀಸಿಗೆ ಸೇರಿಸಿದ್ರಾ?"

ಚಹಾದವನು ಸೌಟು ಹಿಡಿದುಕೊಂಡು ನೋಡುತ್ತಿದ್ದ. ಭಾಷೆ ಅರ್ಥವಾಗದಿದ್ದರೂ ವಿಷಯ ಅರ್ಥವಾಗಿತ್ತು. "ಬಾಬೂಜೀ, ಮಾಫೀ ಮಾಂಗ್ ಲೀಜಿಯೇ" ಅಂದ. ಇವರು ಕ್ಷಮೆ ಕೇಳಲಿಲ್ಲ, ಆಟೋ ಕರೆದರು.

ಮಧ್ಯಾಹ್ನ ಊಟಕ್ಕೆ ಕೂತೆವು. ಅಜ್ಜಿ ಬಕೆಟ್ಟಿನ ನೀರಿನಲ್ಲಿ ನೆನೆಸಿಟ್ಟಿದ್ದ ಲಂಗಡಾ ತಂದು, "ತಿನ್ನು ತಾಯಿ, ಮೊದಲ ಫಸಲು" ಅಂತ ನನ್ನ ಎಲೆಯ ಪಕ್ಕ ಇಟ್ಟರು.

"ಅವಳಿಗೆ ಬೇಡ ಅಮ್ಮ, ಅವಳು ಬಿಟ್ಟಿದ್ದಾಳೆ," ಅಂದರು ಇವರು.

ನಾನು ಪುರೋಹಿತರ ಕಡೆ ತಿರುಗಿದೆ. "ಸ್ವಾಮೀ, ನಾನು ಬಾಯಿ ಬಿಟ್ಟು ಹೇಳಿಲ್ಲ. ನನ್ನನ್ನ ಕೇಳಿಲ್ಲ. ಅದು ನನ್ನ ಮೇಲೆ ನಿಲ್ಲುತ್ತಾ?"

ಪಾಪ, ಅವರ ಕೈಯ ತುತ್ತು ಅರ್ಧಕ್ಕೇ ನಿಂತಿತು. "ಕೈ ಮುಟ್ಟಿದ್ರೆ ಸಮ್ಮತಿ ಅಂತ ಲೆಕ್ಕ, ಮಾತಾಜಿ."

"ನಾನು ಎಮ್ಮೆ ನೋಡ್ತಿದ್ದೆ."

ಅಜ್ಜಿ ನಕ್ಕುಬಿಟ್ಟರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ನಾನು ನಗಲಿಲ್ಲ. ಪಾಪ ಬರುತ್ತದೋ ಏನೋ ಅನ್ನುವ ಭಯ ನನಗೂ ಇತ್ತು. ನಾನೇನು ದೇವರನ್ನು ನಂಬದವಳಲ್ಲ. ಆದರೆ ಆ ಹಣ್ಣನ್ನು ಅಲ್ಲೇ ಬಿಟ್ಟು ಎದ್ದಿದ್ದರೆ ಇವರು ಗೆದ್ದಂತೆ, ಮುಂದೆ ನನ್ನ ಹೆಸರಿನಲ್ಲಿ ಇನ್ನೇನೇನು ಬಿಡುತ್ತಿದ್ದರೋ. ತೊಟ್ಟು ಕಚ್ಚಿ ತೆಗೆದೆ. ಇಡೀ ಹಣ್ಣನ್ನು, ಎರಡೂ ಕೆನ್ನೆಗಳನ್ನು, ಇವರ ಮುಖ ನೋಡಿಕೊಂಡೇ ತಿಂದೆ. ಓಟೆಯನ್ನು ಚೀಪದೆ ಎಲೆಯ ತುದಿಗಿಟ್ಟೆ.

"ಶುಗರ್ ಏರತ್ತೆ," ಅಂದರು, ಮೆಲ್ಲಗೆ.

"ಏರಲಿ. ನನ್ನ ಶುಗರ್ರು. ಬಿಡೋದಿದ್ರೆ ನಾನೇ ಬಿಡ್ತೀನಿ."

ಸಂಜೆ ದೋಣಿಯಲ್ಲಿ ಕೂತೆವು, ದೋಣಿಯವನ ಜೊತೆ ಮೊದಲೇ ಮಾತಾಗಿತ್ತಲ್ಲ. ಅಕ್ಕಪಕ್ಕದ ದೋಣಿಗಳಲ್ಲಿ ಎಳೆಯ ಜೋಡಿಗಳು ಫೋಟೋ ತೆಗೆದುಕೊಳ್ಳುತ್ತಿದ್ದವು. ನಾವು ಬಸ್ಸಿನಲ್ಲಿ ಪರಿಚಯವಿಲ್ಲದವರ ಹಾಗೆ ಕೂತಿದ್ದೆವು. ನಡು ಹೊಳೆಯಲ್ಲಿ ಇವರು, ನೀರಿಗೆ ಹೇಳುವಂತೆ, "ನಿನ್ನ ಅಕ್ಕ ಹೋಗಿದ್ದೂ ಈ ಶುಗರ್‌ನಿಂದಲೇ ಅಲ್ವಾ. ಕಾಲು ತೆಗೆದರು, ಆಮೇಲೆ... ನಾನೇ ಆಸ್ಪತ್ರೇಲಿ ಇದ್ದೆ ಆವತ್ತು," ಅಂದರು.

ನನಗೆ ಇನ್ನೂ ಸಿಟ್ಟು ಬಂತು. ಅಷ್ಟು ಒಳ್ಳೆಯ, ಗಟ್ಟಿಯಾದ ಸಿಟ್ಟಿಗೆ ನೀರು ಬೆರೆಸಿಬಿಟ್ಟರಲ್ಲ! "ಹೆದರಿಕೆ ಆದ್ರೆ ಹೆದರಿಕೆ ಆಗತ್ತೆ ಅಂತ ನನ್ನ ಹತ್ರ ಹೇಳಿ. ಗಂಗೆಗೆ ಯಾಕೆ ಚಾಡಿ ಹೇಳ್ತೀರಿ?" ಅಂದೆ. ನಾನು ಸಮಾಧಾನ ಮಾಡಲಿಲ್ಲ. ದೀಪ, ಗಂಟೆ, ಆರತಿ ಎಲ್ಲ ಆಯಿತು. ಚೆನ್ನಾಗಿತ್ತು ಅಂತ ಎಲ್ಲರೂ ಹೇಳುತ್ತಾರೆ, ಇದ್ದಿರಬಹುದು.

ಅಂದಿನಿಂದ ಸಂಕಲ್ಪಕ್ಕೆ ಕೂತಾಗ ನಾನು ತೋಳು ಮುಟ್ಟುವುದಿಲ್ಲ. ಪುರೋಹಿತರು ಸನ್ನೆ ಮಾಡಿದರೆ ನನ್ನ ಅಂಗೈಗೂ ನೀರು ಹಾಕಿ ಅನ್ನುತ್ತೇನೆ. ನೆಂಟರು ಮುಖ ಮುಖ ನೋಡಿಕೊಳ್ಳುತ್ತಾರೆ. ಮಾವಿನಹಣ್ಣು ತಿನ್ನುತ್ತೇನೆ, ಅಳತೆ ಮೀರದೆ. ಅಳತೆ ನನ್ನದು.

ಇಷ್ಟು ಒತ್ತುವಷ್ಟರಲ್ಲಿ ಇವರು ಚಪ್ಪಲಿ ಹಾಕಿಕೊಂಡು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಮಾರ್ಕೆಟ್ಟಿಗೆ ಹೊರಟಿದ್ದಾರೆ. ಮದುವೆಯಾದಂದಿನಿಂದ ಇವರು ತಂದದ್ದನ್ನು ನಾನು ಅಡುಗೆ ಮಾಡಿದ್ದೇನೆ. ಈಗ ಕೇಳುತ್ತಿದ್ದಾರೆ: "ಏನು ತರಲಿ? ನಿನಗೇನು ತಿನ್ನಬೇಕು ಅನ್ನಿಸ್ತಿದೆ?"

ಬಾಯಿ ತೆರೆದೆ. ಒಂದು ಹೆಸರೂ ಬರುತ್ತಿಲ್ಲ. ಮಗನಿಗೆ ಏನಿಷ್ಟ, ಮೊಮ್ಮಗಳಿಗೆ ಏನಿಷ್ಟ, ಇವರಿಗೆ ಏನು ಆಗುವುದಿಲ್ಲ ಅನ್ನುವುದೆಲ್ಲ ಸರಸರನೆ ಬರುತ್ತದೆ. ನನಗೇನು ಬೇಕು ಅನ್ನುವುದು ಮಾತ್ರ ಬರುತ್ತಿಲ್ಲ. ಈಗ ಬರುತ್ತಿರುವ ಸಿಟ್ಟು ಯಾರ ಮೇಲೆ ಅಂತಲೂ ಗೊತ್ತಾಗುತ್ತಿಲ್ಲ.

"ಯೋಚನೆ ಮಾಡ್ತಿದ್ದೀನಿ, ಇರಿ," ಅಂದೆ.

"ಬಿಸಿಲು ಏರತ್ತೆ ಕಣೇ."

"ಏರಲಿ."

ಚಪ್ಪಲಿ ಬಿಚ್ಚಿಟ್ಟು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಾರೆ. ಕಾಯಲಿ.